ಮುಕ್ಕಾಲು ಮುಗಿದಿದೆ

ಕರ್ ಕರ್ ಕರ್, ಅಣ್ಣ ಮತ್ತೆ ಪೆನ್ಸಿಲ್ ಹೆರೆಯುತ್ತಿದ್ದಾನೆ, ಬೆಳಗಿನಿಂದ ಇದು ನಾಲ್ಕನೆಯ ಸಲ, ಗಾಜಿನ ಗೋಡೆಯ ಆಚೆ ಅವನ ಬಗ್ಗಿದ ತಲೆ, ಕೂದಲು ಸರಿದು ಹೊಳೆಯುವ ನೆತ್ತಿ, ಮೊಣಕೈ ಪಕ್ಕದಲ್ಲಿ ಹೆರೆದ ಪುಡಿಯ ಪುಟ್ಟ ಗುಡ್ಡೆ — ಇವಳ ಕಣ್ಣು ಕಂಪ್ಯೂಟರಿನ ಮೇಲಿದ್ದರೂ ಕಿವಿ ಅಲ್ಲೇ ನೆಟ್ಟಿದೆ, ಕಂಪ್ಯೂಟರಿನಲ್ಲಿ ಮೂರನೆಯ ಟಿಪ್ಪಣಿ ಬಾಯಿ ತೆರೆದುಕೊಂಡು ಕೂತಿದೆ, ಹನ್ನೊಂದು ಗಂಟೆ, ಮಧ್ಯಾಹ್ನದೊಳಗೆ ಸಹಿ ಬೀಳಬೇಕು ಮೇಡಂ ಅಂತ ಆಡಿಟರ್ ಆಗಲೇ ಎರಡು ಸಲ ಬಾಗಿಲಲ್ಲಿ ತಲೆ ಹಾಕಿ ಹೋದ, ಬಾಲಂಗೋಚಿ, ಇವಳು ಮನಸ್ಸಿನಲ್ಲೇ ಇಟ್ಟ ಹೆಸರು, ಪ್ರತಿ ವಾಕ್ಯದ ಹಿಂದೆ ‘ಎಂದು ನಮಗೆ ತಿಳಿಸಲಾಗಿದೆ’ ಅಂತ ಬಾಲ ಕಟ್ಟದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ, ನಾಳೆ ಮನೆಗೆ ಬೆಂಕಿ ಬಿದ್ದರೂ ಬೆಂಕಿ ಬಿದ್ದಿದೆ ಎಂದು ನಮಗೆ ತಿಳಿಸಲಾಗಿದೆ ಅನ್ನುವ ಆಸಾಮಿ, ಆದರೆ ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಇವಳಿಗೆ ಸುಲಭವಾಗುತ್ತಿತ್ತು. ಎರಡೇ ಪುಟ, ವರ್ಷದ ಲೆಕ್ಕಪತ್ರದ ಕೊನೆಗೆ ಸೇರಿಸುವುದು, ಈ ಕಂಪನಿ ಯಾವ ನೀತಿಯಂತೆ ಲೆಕ್ಕ ಬರೆಯುತ್ತದೆ ಎಂದು ಹೇಳುವುದು, ಇಪ್ಪತ್ತೆರಡು ವರ್ಷದಿಂದ ಇವಳೇ ಸಿದ್ಧಪಡಿಸುವ ಪುಟ, ಲೋಕದಲ್ಲಿ ಯಾರೂ ಓದದ ಪುಟ, ಅಣ್ಣನೊಬ್ಬನನ್ನು ಬಿಟ್ಟು. ಒಂದನೆಯ ಟಿಪ್ಪಣಿ, ಹಣ ಕೈಗೆ ಬಂದಾಗಲ್ಲ, ಕೆಲಸ ನಡೆದಾಗಲೇ ಲೆಕ್ಕಕ್ಕೆ ಹಿಡಿಯುವುದು. ಎರಡನೆಯದು ಕುರ್ಚಿ ಮೇಜುಗಳ ಬೆಲೆಯನ್ನು ವರ್ಷಕ್ಕಿಷ್ಟು ಅಂತ ಸವೆಸುವುದು, ಅಣ್ಣನ ಕುರ್ಚಿಗೆ ನೀತಿಯ ಪ್ರಕಾರ ಹತ್ತು ವರ್ಷ ಆಯಸ್ಸು, ಅದು ತೀರಿ ಹನ್ನೆರಡು ವರ್ಷವಾಯಿತು, ಪುಸ್ತಕದಲ್ಲಿ ಸತ್ತು ನೆಲದ ಮೇಲೆ ಗಟ್ಟಿಯಾಗಿ ನಿಂತಿದೆ, ನಿನ್ನ ಪುಸ್ತಕಕ್ಕಿಂತ ನನ್ನ ಕುರ್ಚಿಗೇ ಆಯಸ್ಸು ಜಾಸ್ತಿ ಕಣೇ ಗುಬ್ಬಿ ಅನ್ನುತ್ತಿದ್ದ ಅಣ್ಣ, ಐವತ್ತೊಂದು ತುಂಬಿದರೂ ಇವಳು ಅವನಿಗೆ ಗುಬ್ಬಿಯೇ. ಆ ಎರಡರಲ್ಲೂ ಒಂದಕ್ಷರ ಬದಲಾಗಿಲ್ಲ.

ಮೂರನೆಯದು ಅಣ್ಣನೇ ಬರೆದದ್ದು, ಕಂಪನಿ ಶುರುವಾದ ವರ್ಷ, ಒಂದೇ ಕೋಣೆ, ಒಂದೇ ಮೇಜು, ಮೇಜಿನ ಆ ತುದಿಗೆ ಅವನು ಈ ತುದಿಗೆ ಇವಳು — ಮುಗಿಯದೆ ಉಳಿದ ಕೆಲಸಗಳಲ್ಲಿ, ವರ್ಷದ ಕೊನೆಗೆ ಎಷ್ಟು ಪಾಲು ಮುಗಿದಿದೆಯೋ ಅಷ್ಟೇ ಪಾಲು ಶುಲ್ಕವನ್ನು ಆದಾಯವೆಂದು ತೋರಿಸಲಾಗುತ್ತದೆ. ಎಷ್ಟು ಮುಗಿದಿದೆ ಎಂಬುದನ್ನು ಆ ಕೆಲಸ ಮಾಡುವವರೇ ಪ್ರಾಮಾಣಿಕವಾಗಿ ಅಂದಾಜು ಮಾಡುತ್ತಾರೆ — ಪ್ರಾಮಾಣಿಕವಾಗಿ ಅನ್ನೋ ಪದ ಲೆಕ್ಕದ ಟಿಪ್ಪಣಿಯಲ್ಲಿ ಬರಲ್ಲ ಅಣ್ಣ ಅಂತ ಇವಳು ಹೇಳಿದ್ದಳು, ಬರದಿದ್ರೆ ಕರ್ಕೊಂಡು ಬಾ ಅಂದಿದ್ದ. ಅದಕ್ಕೇ ಆ ವೃತ್ತಗಳು. ಹೊಸ ಕೆಲಸ ಬಂದ ದಿನ ಫೈಲಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ನಾಣ್ಯದಷ್ಟು ಅಗಲದ ಒಂದು ವೃತ್ತ, ಕೈಯಲ್ಲೇ ಬರೆದದ್ದು, ಕೈವಾರದಿಂದ ಬರೆದ ಹಾಗೆ ದುಂಡಗೆ, ಒಳಗೆ ಖಾಲಿ ಇದ್ದರೆ ಇನ್ನೂ ಕೈ ಹಾಕಿಲ್ಲ ಎಂದು, ಕೆಲಸ ಸಾಗಿದಂತೆ ಕಾಲು, ಅರ್ಧ, ಮುಕ್ಕಾಲು ಅಂತ ತುಂಬುತ್ತ ಹೋಗುವುದು, ವರ್ಷದ ಕೊನೆಗೆ ಇವಳು ಫೈಲುಗಳನ್ನು ಸಾಲಾಗಿಟ್ಟು ವೃತ್ತ ನೋಡಿ ಆದಾಯ ಬರೆಯುವುದು, ಮೊದಲಿದ್ದ ಮುದಿ ಆಡಿಟರ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ಚಂದ್ರನ್ನ ನೋಡಿ ಲೆಕ್ಕ ಬರೆಯೋ ಕಂಪನಿ ನಾನು ಇದೊಂದೇ ನೋಡಿದ್ದು ಅಂತ, ನಗುತ್ತಲೇ ಹಳೆಯ ಫೈಲುಗಳನ್ನೆಲ್ಲ ಕೆದಕಿ, ಅರ್ಧ ಎಂದಿದ್ದು ನಿಜವಾಗಿ ಅರ್ಧವಾಗಿತ್ತೇ ಎಂದು ಮೂರು ದಿನ ತಾಳೆ ನೋಡಿದ, ಆಮೇಲೆ ನಗಲಿಲ್ಲ. ಒಂದು ವರ್ಷ, ಕೈ ಬಿಗಿಯಾಗಿದ್ದ ವರ್ಷ, ಒಂದು ವೃತ್ತ ಅರ್ಧಕ್ಕೆ ಕೂದಲೆಳೆಯಷ್ಟು ಕಡಿಮೆ ಇತ್ತು, ಇವಳೇ ಅಂದಿದ್ದಳು, ಅರ್ಧ ಅಂತಲೇ ಹಾಕ್ಬಿಡೋಣ ಅಣ್ಣ, ಒಂದು ಗೀರು ತಾನೆ. ಅವನು ಪೆನ್ಸಿಲ್ ಕೆಳಗಿಟ್ಟು ಇವಳನ್ನು ನೋಡಿದ, ಮಾಡದಿರೋ ಕೆಲಸಕ್ಕೆ ಒಂದು ಗೀರು ಎಳೆದ್ರೆ ಆಮೇಲೆ ಆ ಪೆನ್ಸಿಲ್ಲನ್ನ ನಂಬಕ್ಕಾಗಲ್ಲ ಗುಬ್ಬಿ. ಅಷ್ಟೇ, ಬೈಯಲಿಲ್ಲ, ಬೈದಿದ್ದರೆ ಮರೆತು ಹೋಗುತ್ತಿತ್ತು.

ಡಬ್ಬಿ ಕಾರ್ಖಾನೆಯ ಫೈಲು ಈಗ ಅವನ ಮೇಜಿನ ಮೇಲೇ ಇದೆ, ಈ ವರ್ಷದ ಆದಾಯದಲ್ಲಿ ಮೂರನೇ ಒಂದು ಪಾಲು ಅದೊಂದರದೇ, ತಗಡಿನ ಡಬ್ಬಿ ಒತ್ತುವ ಏಳು ಯಂತ್ರ, ಎರಡು ಅಪಘಾತ, ಯಂತ್ರ ಎಲ್ಲಿ ನಿಲ್ಲಬೇಕು ಜನ ಎಲ್ಲಿ ನಡೆಯಬೇಕು ಅಂತ ಹೇಳಿ ಸರ್ ಅಂತ ಮಾಲೀಕ ಬಂದಿದ್ದ, ಅಣ್ಣನ ಕಸುಬೇ ಅದು, ಜೀವನವಿಡೀ ಅದನ್ನೇ ಮಾಡಿದವನು, ಯಾವ ಕಾರ್ಖಾನೆಗೆ ಹೋದರೂ ಮೊದಲು ಯಂತ್ರ ನೋಡುವುದಿಲ್ಲ, ನೆಲ ನೋಡುತ್ತಾನೆ, ನೆಲ ಎಲ್ಲಿ ಸವೆದಿದೆ ನೋಡು, ಜನ ನಿಜವಾಗಿ ಎಲ್ಲಿ ಓಡಾಡ್ತಾರೆ ಅಂತ ಅದೇ ಹೇಳತ್ತೆ, ಮಾಲೀಕ ಹೇಳೋದೆಲ್ಲ ಆಮೇಲೆ. ಆ ಮಾಲೀಕ ಹೋದ ತಿಂಗಳು ಫೋನು ಮಾಡಿದ, ಹೇಳಲೋ ಬೇಡವೋ ಎಂಬ ದನಿಯಲ್ಲಿ, ಮೇಡಂ, ತಪ್ಪು ತಿಳ್ಕೋಬೇಡಿ, ಸರ್ ನಿನ್ನೆ ಮತ್ತೆ ಬಂದಿದ್ರು, ಮೊದಲು ತಗೊಂಡಿದ್ದ ಅಳತೆನೇ ಮತ್ತೆ ತಗೊಂಡ್ರು, ಮೊನ್ನೆನೂ ಬಂದಿದ್ರು — ಇವಳು ಎರಡು ಸಲ ಅಳೆಯೋದು ನಮ್ಮಲ್ಲಿ ಪದ್ಧತಿ ಸರ್ ಅಂದಳು, ಸುಳ್ಳು, ಎಷ್ಟು ಸಲೀಸಾಗಿ ಬಂತು, ನಾಲಿಗೆಗೆ ಎಲುಬಿಲ್ಲ. ಆಮೇಲೆ ಒಂದು ಬೆಳಗ್ಗೆ ಅಣ್ಣ ಆಫೀಸಿನ ಮೆಟ್ಟಿಲ ಬುಡದಲ್ಲಿ ಚೀಲ ಹಿಡಿದುಕೊಂಡು ಸುಮ್ಮನೆ ನಿಂತಿದ್ದ, ಏನಣ್ಣ ಅಂದರೆ, ಏನಿಲ್ಲ, ನಿನಗೇ ಕಾಯ್ತಿದ್ದೆ ಅಂದ, ಯಾವತ್ತೂ ಕಾಯದವನು. ನಿನ್ನೆ ಮಧ್ಯಾಹ್ನ ಅವನು ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಗ ಇವಳು ಫೈಲು ತೆರೆದಳು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಯಾವತ್ತೂ ಒಳಗೆ ನೋಡಬೇಕು ಅನ್ನಿಸಿರಲೇ ಇಲ್ಲ, ಒಳಗೆ ಹನ್ನೊಂದು ಹಾಳೆ, ಹನ್ನೊಂದೂ ಮೊದಲ ಪುಟ. ಬಾಗಿಲಿನಿಂದ ಒಳಗೆ ಬಂದ ಕೂಡಲೇ ಎಡಗಡೆಗೆ ನೆಲ ಸವೆದಿದೆ. ಎರಡನೆಯ ಹಾಳೆ, ಬಾಗಿಲಿನಿಂದ ಒಳಗೆ ಬಂದ ಕೂಡಲೇ ಎಡಗಡೆಗೆ ನೆಲ ಸವೆದಿದೆ. ಏಳನೆಯದರಲ್ಲಿ ನೆಲ ಎಂಬಲ್ಲಿ ನಿಂತಿದೆ, ಹನ್ನೊಂದನೆಯದರಲ್ಲಿ ಬಾಗಿಲಿನಿಂದ ಅಂತ ಮಾತ್ರ. ಎರಡನೆಯ ಪುಟ ಇಲ್ಲ, ನಕ್ಷೆ ಇಲ್ಲ, ಯಂತ್ರಗಳ ಮಾತೇ ಇಲ್ಲ, ಮೇಲೆ ರಟ್ಟಿನ ಮೇಲೆ ಮಾತ್ರ ವೃತ್ತ, ಮುಕ್ಕಾಲು ತುಂಬಿದ್ದು, ಕಪ್ಪಗೆ, ದಿನಾ ಬೆಳಗ್ಗೆ ಬಂದು ತುಂಬಿದ್ದರ ಮೇಲೇ ತುಂಬಿ ತುಂಬಿ ಸೀಸ ಹೊಳೆಯುತ್ತಿತ್ತು, ಇವಳು ಬೆರಳಿಟ್ಟಾಗ ರಟ್ಟು ಸವೆದು ತಗ್ಗಾಗಿತ್ತು, ಬೆರಳ ತುದಿ ಕಪ್ಪಾಯಿತು, ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಈಗಲೂ ಇದೆ.

ಅತ್ತಿಗೆಗೆ ಗೊತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಒಂದೇ ಸೂರಿನಡಿ ಇರುವವಳು, ನಿನ್ನೆ ಸಂಜೆ ಫೋನಿನಲ್ಲಿ ಅಂದಳು, ಡಾಕ್ಟರು ಹೇಳಿದ್ದು ಹೇಳಿದ್ರು, ನಿಮ್ಮಣ್ಣನಿಗೆ ಹೇಳ್ಬೇಡಿ ಅಂತ ಅವರಿಗೆ ನಾನೇ ಅಂದೆ, ಆಫೀಸಿಗೆ ಹೋಗ್ತಾರೆ, ಪೆನ್ಸಿಲ್ ಹಿಡೀತಾರೆ, ಸಂಜೆ ಬರುವಾಗ ಮುಖ ಸರಿಯಾಗಿರತ್ತೆ, ಅದೊಂದನ್ನ ಕಿತ್ಕೋಬೇಡಮ್ಮ. ನಾನೆಲ್ಲಿ ಕಿತ್ಕೊಳ್ತೀನಿ ಅತ್ತಿಗೆ. ಆದರೆ ಬೆಳಗ್ಗೆ ಬಾಲಂಗೋಚಿ ಕೇಳಿದ, ಡಬ್ಬಿ ಕಾರ್ಖಾನೆದು ಎಷ್ಟು ಮೇಡಂ, ಮುಕ್ಕಾಲು ಅಂತ ಹಾಕ್ಲಾ, ಸರ್ ಫೈಲ್ ಮೇಲೆ ಹಾಗೇ ಇದೆಯಲ್ಲ, ನೀತಿನೇ ಬದಲಾಯಿಸೋಣ ಅಂದಳು ಇವಳು, ವರದಿ ಪೂರ್ತಿ ಮುಗಿದು ಗಿರಾಕಿಯ ಕೈಗೆ ಕೊಟ್ಟಮೇಲಷ್ಟೇ ಆದಾಯ ಅಂತ ತೋರಿಸೋಣ, ಅಂದಾಜೇ ಬೇಡ. ಅವನು ಕನ್ನಡಕ ಸರಿಮಾಡಿಕೊಂಡ, ಬದಲಾಯಿಸಬಹುದು, ನಷ್ಟ ಬರತ್ತೆ, ಬಂದ್ರೆ ಬರ್ಲಿ ಬಿಡಿ, ಅಂದ, ಆದರೆ ಇಷ್ಟು ವರ್ಷ ನಡ್ಸಿದ ನೀತಿ ಬಿಡ್ತಿದೀರಿ ಅಂದ್ರೆ ಯಾಕೆ ಅಂತ ಟಿಪ್ಪಣೀಲೇ ಕಾರಣ ಬರೀಬೇಕು ಮೇಡಂ, ಸರ್ ಅದನ್ನ ಓದಿ ಸಹಿ ಹಾಕ್ಬೇಕು. ಕಾರಣ. ಆ ಪದವನ್ನು ಟೈಪು ಮಾಡಿ ಒಂದು ಗಂಟೆಯಾಯಿತು, ಪಕ್ಕದಲ್ಲಿ ಕರ್ಸರಿನ ಗೆರೆ ಮಿಣುಕುತ್ತಿದೆ, ನಷ್ಟಕ್ಕೆ ಇವಳು ಹೆದರುವವಳಲ್ಲ, ನಷ್ಟ ಎಷ್ಟೋ ನೋಡಿದ್ದಾಳೆ, ಹೆದರಿಕೆ ಆ ಪದದ ಮುಂದಿನ ನಾಲ್ಕು ಬೆರಳಗಲ ಜಾಗದ್ದು, ಲೋಕದಲ್ಲಿ ಆ ಪುಟ ಓದುವವನು ಒಬ್ಬನೇ, ಅವನ ಬಗ್ಗೆಯೇ ಅದನ್ನು ಬರೆಯಬೇಕು. ಮುಕ್ಕಾಲು ಅಂತಲೇ ಹಾಕಿಬಿಟ್ಟರೇನು, ಯಾರಿಗೆ ಗೊತ್ತಾಗುತ್ತದೆ, ಅವನೇ ಹೇಳಿದ್ದಲ್ಲವೇ, ಕೆಲಸ ಮಾಡುವವರೇ, ಪ್ರಾಮಾಣಿಕವಾಗಿ — ಮಾಡದಿರೋ ಕೆಲಸಕ್ಕೆ ಒಂದು ಗೀರು — ಅತ್ತ ದರಿ ಇತ್ತ ಪುಲಿ ಅಂದರೆ ಇದೇ. ಕಾರ್ಯವಿಧಾನವನ್ನು ಸರಳಗೊಳಿಸಲು, ಎಂದು ಬರೆದಳು, ಅಳಿಸಿದಳು, ಹೊಸ ಪದ್ಧತಿ ಹೆಚ್ಚು ಸೂಕ್ತವೆನಿಸಿದ್ದರಿಂದ, ಅಳಿಸಿದಳು, ಅವನಿಗೆ ಸುಳ್ಳಿನ ವಾಸನೆ ಬರುತ್ತದೆ, ಈಗಲೂ ಬರುತ್ತದೆ, ಎಲ್ಲ ಮರೆತರೂ ಅದು ಮರೆಯುವ ಮೂಗಲ್ಲ. ಕೊನೆಗೆ ಬೆರಳುಗಳು ತಾವಾಗಿಯೇ ಬರೆದವು, ಕಾರಣ: ಕೆಲಸ ಎಷ್ಟು ಮುಗಿದಿದೆ ಎಂದು ನಂಬುವಂತೆ ಹೇಳಬಲ್ಲವರು ಈಗ ಕಂಪನಿಯಲ್ಲಿ ಇಲ್ಲ. ಓದಿದಳು. ಪ್ರಿಂಟರಿನಿಂದ ಹಾಳೆ ಬಿಸಿಯಾಗಿ ಹೊರಗೆ ಬಂತು.

ಗಾಜಿನ ಬಾಗಿಲು, ಸೀಸದ ವಾಸನೆ, ಕುರ್ಚಿ, ಮೇಜಿನ ಮೇಲೆ ಫೈಲು, ಬಾ ಗುಬ್ಬಿ, ಟಿಪ್ಪಣಿ ಬಂತಾ ಅಂದ, ದಿನಾಂಕ ಮರೆತಿದ್ದಾನೆ, ಟಿಪ್ಪಣಿ ಬರುವ ದಿನ ಮರೆತಿಲ್ಲ, ಹಾಳೆ ಕೊಟ್ಟ ಇವಳ ಕೈ ಹಿಂದಕ್ಕೆ ಬರುವಷ್ಟರಲ್ಲೇ ಅದನ್ನು ಕಿತ್ತುಕೊಳ್ಳಬೇಕು ಅನ್ನಿಸಿತು, ಮಾತು ಆಡಿದರೆ ಹೋಯಿತು, ಬರೆದದ್ದು ಕಣ್ಣೆದುರೇ ಕೂತಿರುತ್ತದೆ, ಅವನು ಎಂದಿನಂತೆ ತೋರುಬೆರಳನ್ನು ಸಾಲಿನ ಕೆಳಗಿಟ್ಟು ಓದುತ್ತಾನೆ, ಒಂದನೆಯದು, ಎರಡನೆಯದು, ಕುರ್ಚಿಯ ಮಾತು ಬಂದಾಗ ಕುರ್ಚಿಯ ಕೈಯನ್ನು ಒಮ್ಮೆ ತಟ್ಟುತ್ತಾನೆ, ಪ್ರತಿ ವರ್ಷದ ಹಾಗೆ, ಮೂರನೆಯದರಲ್ಲಿ ಬೆರಳು ನಿಧಾನವಾಯಿತು, ಹಿಂದೆ ಹೋಯಿತು, ಮತ್ತೆ ಮುಂದೆ ಬಂತು, ಇಲ್ಲ ಎಂಬ ಪದದ ಕೆಳಗೆ ನಿಂತಿತು. ಅವನು ತಲೆಯೆತ್ತಿ ಇವಳ ಮುಖ ನೋಡಿದ. ಓದಲಿಕ್ಕಲ್ಲ, ಕೇಳಲಿಕ್ಕೆ. ಏಳು ವರ್ಷದ ಇವಳು, ಮೊಣಕಾಲ ಮೇಲೆ ಪಾಟಿ, ಲೆಕ್ಕ ಮಾಡುತ್ತ ಮಾಡುತ್ತ ಪ್ರತಿ ಅಂಕಿಗೂ ಅಣ್ಣನ ಮುಖ ನೋಡುವುದು, ಹುಬ್ಬು ಏರಿದರೆ ಅಳಿಸುವುದು, ಇಳಿದರೆ ಬರೆಯುವುದು, ಉತ್ತರ ನನ್ನ ಮುಖದಲ್ಲಿ ಇಲ್ಲ ಗುಬ್ಬಿ, ಪಾಟಿ ನೋಡು, ಪಾಟಿ ನೋಡು — ಈಗ ಅವನು, ಅರವತ್ತರ ಮೇಲಾದವನು, ಇವಳ ಹುಬ್ಬು ನೋಡುತ್ತ ಕೂತಿದ್ದಾನೆ, ಮುಕ್ಕಾಲು, ಅಂದ, ಮುಕ್ಕಾಲು ಅಲ್ವೇನೇ? ಹೂಂ ಅಂದುಬಿಡಲೇ, ಒಂದು ಹೂಂ, ಅವನ ಮುಖ ಸಂಜೆಯವರೆಗೆ ಸರಿಯಾಗಿರುತ್ತದೆ. ಫೈಲ್ ನೋಡಣ್ಣ, ಅಂದಳು. ಇವಳ ದನಿಯೇ ಅದು, ಬೇರೆ ಯಾರದೋ ಅನ್ನಿಸಿತು.

ಅವನು ಫೈಲನ್ನು ಎಳೆದುಕೊಂಡ, ತೆರೆದ, ಹಾಳೆ ಮಗುಚಿದ, ಬಾಗಿಲಿನಿಂದ ಒಳಗೆ ಬಂದ ಕೂಡಲೇ, ಇನ್ನೊಂದು ಮಗುಚಿದ, ತುಟಿ ಅಲ್ಲಾಡುತ್ತಿತ್ತು, ಬಾಗಿಲಿನಿಂದ, ಬಾಗಿಲಿನಿಂದ, ಹನ್ನೊಂದೂ ಮಗುಚಿ ಮುಗಿಸುವಷ್ಟು ಹೊತ್ತು ಇವಳು ಅವನ ಕೈಯನ್ನೇ ನೋಡಿದಳು, ಮುಖ ನೋಡುವ ಧೈರ್ಯ ಇರಲಿಲ್ಲ, ಅವನು ಹಾಳೆಗಳನ್ನು ತಟ್ಟಿ ಅಂಚು ಸರಿಮಾಡಿ ಒಳಗಿಟ್ಟ, ಯಾರದೋ ಮನೆಯಲ್ಲಿ ಮುಟ್ಟಬಾರದ ವಸ್ತು ಮುಟ್ಟಿದವನ ಹಾಗೆ ಫೈಲು ಮುಚ್ಚಿದ, ಬೋರಲು ಹಾಕಿದ. ಹಿಂದಿನ ರಟ್ಟು ಚೊಕ್ಕಟವಾಗಿತ್ತು. ಪೆನ್ಸಿಲ್ ತೆಗೆದುಕೊಂಡ, ಬೆಳಗಿನಿಂದ ನಾಲ್ಕು ಸಲ ಹೆರೆದ ಮೊನೆ, ಬರೆದ, ಒಂದೇ ಎಳೆತದಲ್ಲಿ, ನಾಣ್ಯದಷ್ಟು ಅಗಲ, ಮೊದಲಿನಷ್ಟೇ ದುಂಡಗೆ, ಈಗ ಮೊನೆ ಒಳಗೆ ಹೋಗುತ್ತದೆ, ತುಂಬುತ್ತದೆ, ಕಪ್ಪಾಗುತ್ತದೆ ಅಂತ ಇವಳು ಕಾದಳು, ಮೊನೆ ಗೆರೆಯ ಪಕ್ಕದಲ್ಲಿ ರಟ್ಟನ್ನು ಮುಟ್ಟಿಯೂ ಮುಟ್ಟದೆ ನಿಂತಿತು, ನಿಂತೇ ಇತ್ತು, ಆಮೇಲೆ ಅವನು ಪೆನ್ಸಿಲನ್ನು ಕೆಳಗಿಟ್ಟ. ಇದನ್ನ ಬರ್ಕೋ ಗುಬ್ಬಿ, ಅಂದ. ಇವಳು ಬರೆದ ಕಾರಣ ಸುಳ್ಳಾಯಿತು, ಹೇಳಬಲ್ಲವನು ಇದ್ದಾನೆ, ಹಳೆಯ ಟಿಪ್ಪಣಿ ಹಾಗೇ ಇರಲಿ, ಇದೊಂದು ವರ್ಷ, ಮುಂದಿನ ವರ್ಷ ಯಾರು ಕಂಡಿದ್ದಾರೆ, ಬಾಗಿಲಲ್ಲಿ ಬಾಲಂಗೋಚಿಯ ದನಿ, ಮೇಡಂ, ಎಷ್ಟು ಅಂತ ಹಾಕ್ಲಿ, ಹೇಳಬೇಕು, ಬಾಯಿ ತೆರೆಯಬೇಕು, ರಟ್ಟಿನ ಮೇಲಿನ ಗೆರೆ ಇವಳ ಕಣ್ಣಲ್ಲಿ ತುಂಬಿಕೊಂಡು ಮಸುಕಾಗುತ್ತಿದೆ, ಒರೆಸಿಕೊಂಡರೆ ಮತ್ತೆ ಅದೇ, ಎಷ್ಟು ಮೇಡಂ, ವೃತ್ತ, ದುಂಡಗೆ, ತೆಳ್ಳಗೆ, ಒಳಗೆ ಒಂದು ಗೀರೂ ಇಲ್ಲ, ಒಂದು ಗೀರೂ