ದೌಲಪ್ಪನ ಪ್ರಯೋಗದ ತಾಕು

ಮರೆಪ್ಪನ 'ಕೆಂಪುಸಿರಿ' ದ್ರಾವಣದ ಒಂದೇ ಒಂದು ಹನಿ ಜಾರಿ ಬಿದ್ದದ್ದಕ್ಕೆ ಜಗತ್ ಸರ್ಕಲ್ಲಿನ ಸಿಗ್ನಲ್ ಕಂಬ ಬೇರು ಬಿಟ್ಟು, ಮೂರನೇ ದಿನ ಹಸಿರು ದೀಪದ ಕೆಳಗೆ ಬಾಳೆಗೊನೆ ತೂಗಿತು. ಅದನ್ನು ಇಳಿಸಲು ಕ್ರೇನು ತರಿಸಬೇಕಾಯಿತು. ಒಂದು ಹಣ್ಣು ತಿಂದ ಆಟೋದವನು ಎಂಟು ದಿನ ಊಟ ಕೇಳಲಿಲ್ಲ. ನಂಬದವರು ಮರೆಪ್ಪನನ್ನೇ ಕೇಳಬಹುದು. ಇಡೀ ಕಲಬುರಗಿಯಲ್ಲಿ ಇದನ್ನು ಕಣ್ಣಾರೆ ಕಂಡವನು ಅವನೊಬ್ಬನೇ.

ಬಾಳೆಗೆ ಹಾಕುವ ಈ ಪೋಷಕ ದ್ರಾವಣವನ್ನು ಅವನು ಐವಾನ್-ಎ-ಶಾಹಿ ಬಡಾವಣೆಯ ಬಾಡಿಗೆ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ತಯಾರಿಸುತ್ತಿದ್ದ. ಅವನ ಬಾಯಲ್ಲಿ ಅದು ಏಷ್ಯಾದ ಎರಡನೆಯ ದೊಡ್ಡ ಕಾರ್ಖಾನೆ. ಮೊದಲನೆಯದು ಯಾವುದೆಂದರೆ, "ಅದನೂ ನಾನ ಕಟ್ಟಾಕತ್ತೀನಿ" ಅನ್ನುತ್ತಿದ್ದ. ಕಾರ್ಖಾನೆಯ ಸಿಬ್ಬಂದಿಯೆಂದರೆ ಹೆಂಡತಿ ಸೂಗಮ್ಮ ಮತ್ತು ಅವಳು ತವರಿನ ಹೊಲ ಮಾರಿ ತಂದ ಬಾಟಲಿ ಮುಚ್ಚುವ ಯಂತ್ರ.

ಇಂಥ ವಿಶೇಷ ಗೊಬ್ಬರ ಮಾರಲು ರಾಜ್ಯದ ನೋಂದಣಿ ಬೇಕು, ಅವಧಿ ಮುಗಿಯುವ ಮೊದಲು ನವೀಕರಿಸಬೇಕು. 'ಕೆಂಪುಸಿರಿ'ಯ ಅವಧಿ ನಾಳೆಗೆ ಮುಗಿಯುತ್ತಿತ್ತು. ಮುಗಿದರೆ ತುಂಬಿಟ್ಟ ಎರಡು ಸಾವಿರ ಬಾಟಲಿಯಲ್ಲಿ ಒಂದನ್ನೂ ಮಾರುವಂತಿಲ್ಲ. ಶೆಡ್ಡಿಗೆ ಬೀಗ, ಸೂಗಮ್ಮನ ಯಂತ್ರಕ್ಕೆ ತುಕ್ಕು.

ಕಡತದಲ್ಲಿ ಇದ್ದದ್ದು ಒಂದೇ ತೊಡಕು, ದೌಲಪ್ಪ. ಮೂರು ವರ್ಷದ ಹಿಂದೆ ಮೊದಲ ಸಲ ನೋಂದಣಿಗೆ ಹೋದಾಗ, ರೈತನೊಬ್ಬನ ಹೊಲದಲ್ಲಿ ಪ್ರಯೋಗ ಮಾಡಿದ ವರದಿ ಬೇಕಿತ್ತು. ಯಾವ ರೈತನೂ ಹೊಲ ಕೊಡಲಿಲ್ಲ. ಆಗ ಮರೆಪ್ಪ ಚಹಾದ ಅಂಗಡಿಯಲ್ಲಿ ಕೂತು ಕಮಲಾಪುರದ ದೌಲಪ್ಪನನ್ನು ಹುಟ್ಟಿಸಿದ. ಎರಡು ಎಕರೆ ಕೆಂಪುಬಾಳೆ ಕೊಟ್ಟ. ತನ್ನ ಹಳೆಯ ಸ್ಕೂಟರಿನ ನಂಬರನ್ನೇ ಸರ್ವೆ ನಂಬರೆಂದು ಬರೆದ. ಬ್ರಹ್ಮನಿಗೆ ಒಂಬತ್ತು ತಿಂಗಳು ಹಿಡಿಯುವ ಕೆಲಸ, ಮರೆಪ್ಪನಿಗೆ ಅರ್ಧ ಕಪ್ಪಿನಲ್ಲಿ ಮುಗಿಯಿತು.

ಈ ಸಲದ ಕೃಷಿ ಅಧಿಕಾರಿ ಹೊಸಬಳು, ಕಾವೇರಿ. ಕಡತ ಓದಿ, "ದೌಲಪ್ಪನ ಹೊಲದಾಗಿನ ಪ್ರಯೋಗದ ತಾಕು ನೋಡಿ ಬರೋಣ್ರಿ. ಅಲ್ಲೇ ಸಹಿ ಮಾಡ್ತೇನಿ" ಅಂದಳು.

"ಅವಾ ಭಾಳ ದೊಡ್ಡ ರೈತ ಅದಾನ್ರಿ ಮೇಡಂ. ಸಿಗೂದು ಕಠಿಣ."

"ಎರಡು ಎಕರೆದಾಗ ಎಷ್ಟು ದೊಡ್ಡವ ಇರ್ತಾನ? ಜೀಪ್ ಹತ್ರಿ."

ಹತ್ತುವ ಮೊದಲು ಮರೆಪ್ಪ ಮರೆಗೆ ಹೋಗಿ ಕಮಲಾಪುರದ ಗೆಳೆಯ ಮಲಂಗಸಾಬನಿಗೆ ಫೋನು ಹಚ್ಚಿದ. ಅವನಿಗೆ ನಿಜವಾದ ಬಾಳೆತೋಟವಿತ್ತು.

"ಒಂದು ತಾಸು ನೀ ದೌಲಪ್ಪ ಆಗಬೇಕು, ದೋಸ್ತ."

"ಆಗ್ತೀನಿ. ದೌಲಪ್ಪ ಬಿರ್ಯಾನಿ ತಿಂತಾನೋ ಇಲ್ಲೋ, ಅದನ್ನ ಮೊದಲ ಹೇಳು."

ಕಮಲಾಪುರ ಮುಟ್ಟಿದಾಗ ನಡುಮಧ್ಯಾಹ್ನ. ಮಲಂಗಸಾಬನ ತೋಟದ ದಾರಿ ಬರುವ ಮೊದಲೇ ಜೀಪು ಎಡಕ್ಕೆ ಹೊರಳಿತು. ಮರೆಪ್ಪ ತಡೆಯಲು ಹೋದ. "ವರದಿದಾಗಿನ ಸರ್ವೆ ನಂಬರ್ ಹಿಡದೇ ಹೊಂಟೀವ್ರಿ" ಎಂದಳು ಕಾವೇರಿ. ಇನ್ನು ಮುಂದೆ ಪಾಳು ಕಲ್ಲುನೆಲ ಕಾಣುತ್ತದೆ, ತನ್ನ ಕತೆ ಮುಗಿಯುತ್ತದೆ ಎಂದುಕೊಂಡ ಮರೆಪ್ಪ.

ಕಂಡದ್ದು ಬಾಳೆ. ಅಚ್ಚುಕಟ್ಟಾಗಿ ಎರಡು ಎಕರೆ.

ಬದುವಿನ ಮೇಲೆ ಒಬ್ಬ ಮುದುಕ ನಿಂತಿದ್ದ. ಮಲಂಗಸಾಬನೇ ಯಾರನ್ನೋ ಕಳಿಸಿದ್ದಾನೆಂದು ಮರೆಪ್ಪ ಉಸಿರು ಬಿಟ್ಟ. ಕಾವೇರಿ ಟೇಪು ಬಿಚ್ಚಿ ಒಂದು ಗಿಡ ಅಳೆದಳು: ಒಂಬತ್ತು ಅಡಿ ನಾಲ್ಕು ಇಂಚು. ಎರಡನೆಯದೂ ಅಷ್ಟೇ. ಹತ್ತನೆಯದೂ ಅಷ್ಟೇ. ಗೊನೆಗೆ ಎಪ್ಪತ್ತೆಂಟು ಕಾಯಿ, ಯಾವ ಗೊನೆ ಎಣಿಸಿದರೂ ಎಪ್ಪತ್ತೆಂಟು. ವರದಿಯಲ್ಲಿ ಮರೆಪ್ಪ ಸರಾಸರಿ ಎಂದು ಬರೆದ ಲೆಕ್ಕ ಅದು. ಇಲ್ಲಿನ ಗಿಡಗಳು ಅದನ್ನು ಅಪ್ಪಣೆ ಎಂದುಕೊಂಡಂತಿತ್ತು. ಕೀಟಬಾಧೆ ಇಲ್ಲ ಎಂದು ಬರೆದಿದ್ದ. ತೋಟದಲ್ಲಿ ಒಂದು ಇರುವೆಯೂ ಹರಿಯುತ್ತಿರಲಿಲ್ಲ. ಗಾಳಿಯಿಂದ ಹಾನಿ ಇಲ್ಲ ಎಂದು ಬರೆದಿದ್ದ. ಜೀಪಿನ ಪರದೆ ಪಟಪಟ ಬಡಿಯುವಷ್ಟು ಗಾಳಿಯಿತ್ತು. ಒಂದು ಎಲೆಯೂ ಮಿಸುಕಲಿಲ್ಲ.

ಮರೆಪ್ಪನ ಫೋನು ರಿಂಗಾಯಿತು. ಮಲಂಗಸಾಬ.

"ಎಲ್ಲಿದ್ದೀ ಭಾಯ್? ತಾಸಾಯ್ತು, ನನ್ನ ತೋಟದಾಗ ದೌಲಪ್ಪ ಆಗಿ ಒಬ್ಬನೇ ನಿಂತೀನಿ."

"ಮತ್ತ ಇಲ್ಲಿ ಯಾರ್ನ ಕಳಿಸಿದಿ?"

"ನಾ ಯಾರ್ನೂ ಕಳಿಸಿಲ್ಲ."

ಮರೆಪ್ಪ ಫೋನು ಕಿಸೆಗೆ ಹಾಕಿ ತಿರುಗಿದ. ಮುದುಕ ಪಕ್ಕಕ್ಕೇ ಬಂದು ನಿಂತಿದ್ದ. ಬಂದದ್ದರ ಸಪ್ಪಳವಿರಲಿಲ್ಲ.

"ಬಂದ್ರೇನ್ರಿ ಸಾವಕಾರ್ರ. ಮೂರು ವರ್ಷ ಆತು, ಹಾದಿ ನೋಡಾಕತ್ತೀನಿ."

"ನಿಮ್ಮ ಮನಿ ಎಲ್ಲದ ಅಜ್ಜಾ?" ಕಾವೇರಿ ಕೇಳಿದಳು.

"ಮನಿ ಬರದಿಲ್ರೀ ಇವರು. ಊರಷ್ಟೇ ಬರದಾರ."

"ಮಕ್ಕಳು ಮರಿ?"

"ವರದಿದಾಗ ಅದಕ್ಕ ಕಾಲಮ್ಮೇ ಇದ್ದಿಲ್ಲಂತ್ರಿ."

ಮುದುಕ ಹಾಸ್ಯಗಾರ ಎಂದು ಕಾವೇರಿ ನಕ್ಕಳು. ಕಡತ ತೆಗೆದುಕೊಳ್ಳಲು ಜೀಪಿನತ್ತ ನಡೆದಳು. ಮುದುಕ ದನಿ ತಗ್ಗಿಸಿದ.

"ರಿನಿವಲ್ ಮಾಡಿಸ್ಕೋರಿ. ಮತ್ತ ಮೂರು ವರ್ಷ ಇಲ್ಲೇ ನಿಂದರ್ತೀನಿ. ಕುಂದ್ರೂದು, ಉಣ್ಣೂದು, ಮಕ್ಕೊಳೂದು ಏನೂ ಬರದಿಲ್ಲ ನೀವು. ಹಗಲು ರಾತ್ರಿ ಬೆಳವಣಿಗಿ ಅಂತ ಬರದೀರಿ. ಹಂಗಾಗಿ ಹಗಲು ರಾತ್ರಿ ನೋಡಕೋತ ನಿಂತೀನಿ." ಅವನ ಕಣ್ಣು ಒಮ್ಮೆಯೂ ಮಿಟುಕಿರಲಿಲ್ಲ. "ಹೆಸರು ಇಟ್ಟವರು ನೀವು. ಒಂದು ಹಾಸಿಗಿ ಬರೀಲಿಕ್ಕ ನಿಮಗೇನಾಗಿತ್ರಿ?"

ಸುಮ್ಮನಿದ್ದರೆ ನೋಂದಣಿ ಉಳಿಯುತ್ತದೆ. ಮಾತಿಗೆ ಎಂದೂ ಬರ ಕಾಣದ ಮರೆಪ್ಪ ಮುದುಕನಿಂದ ದೂರ ಸರಿದು ಜೀಪಿನತ್ತ ನೋಡಿದ.

ಕಾವೇರಿ ಖುಷಿಯಿಂದ ಬಂದಳು. "ವರದಿ ಹೆಂಗದನೋ ಹಂಗೇ ಅದ ತಾಕು. ಇಂಥದ್ದು ನಾ ನೋಡೇ ಇಲ್ಲ. ಅಜ್ಜಾ, ಇಲ್ಲೊಂದು ಹೆಬ್ಬಟ್ಟು ಒತ್ತು."

ಮುದುಕ ಮಸಿಗೆ ಬೆರಳು ಒತ್ತಿ ಕಾಗದದ ಮೇಲಿಟ್ಟ. ಮೂಡಿದ್ದು ಬರೀ ಕಪ್ಪು ಬೊಟ್ಟು. ಒರೆಸಿ ಮತ್ತೆ ಒತ್ತಿಸಿದಳು. ಒಂದು ಗೆರೆಯೂ ಇಲ್ಲ, ಗಾಜಿನ ಗೋಲಿ ಒತ್ತಿದಂತೆ. ಅವಳು ಹಳೆಯ ವರದಿ ಹೊರಳಿಸಿದಳು.

"ಇದರಾಗ ಗೆರಿ ಅವ. ನಡುವ ಕೊಯ್ದ ಗಾಯದ ಗುರುತೂ ಅದ." ಅವಳ ನೋಟ ಕಡತದಿಂದ ಎದ್ದು, ಮುದುಕನನ್ನು ದಾಟಿ ಮರೆಪ್ಪನ ಮೇಲೆ ನಿಂತಿತು. "ಮರೆಪ್ಪನವ್ರೇ, ನಿಮ್ಮ ಹೆಬ್ಬೆರಳು ತೋರಸ್ರಿ."

"ಅದು, ಹುಲಿ ಕಚ್ಚಿದ್ದರೀ ಮೇಡಂ. ನಾಕು ಹುಲಿ..."

"ತೋರಸ್ರಿ."

ಬಾಟಲಿ ಮುಚ್ಚುವ ಯಂತ್ರ ಕೊಯ್ದ ಬೆರಳು ಅದು. ಮರೆಪ್ಪ ಮುದುಕನ ಕಡೆ ನೋಡಿದ. ಆ ಕಣ್ಣುಗಳು ಅವನ ಬಾಯನ್ನೇ ಕಾಯುತ್ತಿದ್ದವು. ಸೂಗಮ್ಮನಿಗೆ ಏನು ಹೇಳಲಿ ಎಂದುಕೊಳ್ಳುತ್ತಲೇ ಅವನು ಬೆರಳು ಮುಂದೆ ಚಾಚಿದ.

"ಹೆಬ್ಬಟ್ಟು ನಂದರೀ. ದೌಲಪ್ಪ ಅಂತ ಯಾರೂ ಇಲ್ರಿ, ನಾನ ಬರದೀನಿ. ತಾಕೂ ಇಲ್ಲ, ಪ್ರಯೋಗಾನೂ ಮಾಡಿಲ್ಲ. ನಮ್ಮ ಹಿತ್ತಲದಾಗ ಎರಡು ಬಾಳಿಗಿಡಕ್ಕ ಹಾಕಿ ನೋಡಿದ್ದೆ. ಒಂದು ಸತ್ತಿತು. ಇನ್ನೊಂದು ಎಲ್ಲಾ ಗಿಡದಂಗ ಕಾಯಿ ಬಿಟ್ಟಿತು, ಹೆಚ್ಚೂ ಇಲ್ಲ ಕಡಿಮಿನೂ ಇಲ್ಲ. ಇಷ್ಟ ಖರೆ ಮೇಡಂ. ಇದನ್ನ ಬರಕೋರಿ."