ದೇವರಿಗಾಗಿ, ದೇವರ ಪರವಾಗಿ

ಕಚೇರಿಯಲ್ಲಿ ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಟೀಚರಮ್ಮ. ದೇವರ ಹೆಸರಿನಲ್ಲಿ ಕೊಲ್ಲುವ ಗುಂಪುಗಳನ್ನು ವಿಂಗಡಿಸಿ, ಹೆಣಗಳ ಲೆಕ್ಕದ ಮೇಲೆ ಒಂದೊಂದಕ್ಕೂ ಅಂಕ ಹಾಕಿ, ಯಾರು ಮೊದಲು ಯಾರು ಕೊನೆ ಎಂದು ತೀರ್ಮಾನಿಸುವುದು ಅವಳ ಕೆಲಸ. ಮೇಲಿನ ಸ್ಥಾನದವರು ಬೆದರಿಸಿದ ಜಾಗಕ್ಕೆ ಬಂದೂಕಿನ ಪೊಲೀಸರು, ಮರಳು ಮೂಟೆ. ಕೆಳಗಿನವರು ಬೆದರಿಸಿದರೆ ಒಬ್ಬ ಕಾವಲುಗಾರ, ಅವನ ಕೈಗೊಂದು ಲಾಠಿ.

ಬಹುಕಾಲ ಮೊದಲ ಸ್ಥಾನದಲ್ಲಿದ್ದವರು 'ಕೆಂಡದವರು'. ಅವರ ಗುರು ಸತ್ತದ್ದೇ ತಡ, ಶಿಷ್ಯರಿಬ್ಬರು ಕಿತ್ತಾಡಿಕೊಂಡು ಬೇರೆಯಾದರು. ಒಂದು ಬಣ ಬೇಕರಿಯವನೊಬ್ಬನ ಕತ್ತು ಕೊಯ್ದು, ಕ್ಯಾಮೆರಾದೆದುರು "ದೇವರಿಗಾಗಿ" ಎಂದು ಕೂಗಿತು. ಇನ್ನೊಂದು ಬಣ ತುಂಬಿದ ಬಸ್ಸಿನ ಬಾಗಿಲು ಬಿಗಿದು ಬೆಂಕಿಯಿಟ್ಟು "ದೇವರ ಪರವಾಗಿ" ಎಂದಿತು. ಟೀಚರಮ್ಮ ಎರಡೂ ವಿಡಿಯೋಗಳನ್ನು ಮತ್ತೆ ಮತ್ತೆ ಹಾಕಿ ನೋಡಿದಳು. ಸುಡುವ ಬಸ್ಸಿನ ಗಾಜಿಗೆ ಅಂಗೈಗಳು ಬಡಿಯುತ್ತಿದ್ದವು, ಒಳಗಿನವರು ಚೀರುತ್ತಿದ್ದರು. ಅವಳಿಗೆ ಕೇಳಿಸಿದ್ದು ಮಾತ್ರ ವಿಭಕ್ತಿ! ಓದು ಹೆಚ್ಚಾದರೆ ಕಿವಿ ಹೀಗೂ ಕೆಡುತ್ತದೆ.

"ಒಬ್ಬರು ದೇವರಿಗೆ ಕಾಣಿಕೆ ಅಂತ ಕೊಲ್ತಾರೆ, ಇನ್ನೊಬ್ಬರು ತಾವೇ ದೇವರ ಏಜೆಂಟು ಅಂತ ಕೊಲ್ತಾರೆ. ನಂಬಿಕೇನೇ ಬೇರೆ ಸಾರ್, ಎರಡು ಗುಂಪು ಅಂತಲೇ ಲೆಕ್ಕ ಹಿಡೀಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಇನ್ನಿವರು ಒಂದಾಗೋ ಮಾತೆಲ್ಲಿ?" ಎಂದು ಸಾಹೇಬರೆದುರು ವಾದಿಸಿದಳು.

"ಕತ್ತು ಕುಯ್ಯೋವಾಗ ಇಬ್ರೂ ಒಂದೇ ಕಡೆ ಎಳೀತಾರಲ್ಲಮ್ಮ," ಎಂದರು ಸಾಹೇಬರು. ಆದರೂ ಅವಳ ಪಾಂಡಿತ್ಯದ ಮುಂದೆ ಅವರ ಬೇಳೆ ಬೇಯಲಿಲ್ಲ, ಸಹಿ ಹಾಕಿದರು. ಹಳೆಯ ಹೆಣಗಳೆಲ್ಲ ಎರಡು ಪಾಲಾದವು. ಅಂಕ ಹಂಚಿಹೋಗಿ ಎರಡೂ ಬಣಗಳು ಕೆಳಗಿಳಿದವು. ಕೆಂಡದವರು ಬೆದರಿಸಿದ್ದ ಪ್ರಾರ್ಥನಾ ಮಂದಿರದ ಗೇಟಿನಿಂದ ಬಂದೂಕಿನವರು ಜಾಗ ಖಾಲಿ ಮಾಡಿದರು. ಉಳಿದವನು ಲಾಠಿಯ ಕಾವಲುಗಾರ, ಅವಳ ಒಡಹುಟ್ಟಿದ ತಮ್ಮ.

ತಮ್ಮ ಬರೆದ ಪರೀಕ್ಷೆಯಲ್ಲೆಲ್ಲ ಡುಮ್ಕಿ ಹೊಡೆದವನು, ಮಾತಿನಲ್ಲಿ ಮಾತ್ರ ಯಾರಿಗೂ ಸೋತವನಲ್ಲ. ಮರುದಿನ ಬೆಳಿಗ್ಗೆ ಫೋನ್ ಮಾಡಿ ರೇಗಿಸಿದ.

"ಏನಕ್ಕಾ, ನಮ್ಮ ಗೇಟಿಗೆ ಇನ್ಮೇಲೆ ಪಾಸ್ ಕ್ಲಾಸಿನವರೇ ಬರೋದಾ?"

"ಯಾರೂ ಬರಲ್ಲ ಕಣೋ. ಅವರಿಗೆ ಅವರವರ ಜಗಳಾನೇ ಹಾಸಿ ಹೊದೆಯೋಷ್ಟಿದೆ. ಊಟ ತರ್ತೀನಿ, ಹೊರಗೆ ತಿನ್ಬೇಡ."

ಮಧ್ಯಾಹ್ನ ಅವಳು ಬುತ್ತಿ ಹಿಡಿದು ಮಂದಿರದ ಎದುರಿನ ಫುಟ್‌ಪಾತಿಗೆ ಬರುವುದಕ್ಕೂ ಗೇಟಿನ ಮುಂದೆ ಬಿಳಿ ವ್ಯಾನೊಂದು ನಿಲ್ಲುವುದಕ್ಕೂ ಸರಿಹೋಯಿತು. ತಮ್ಮ ಲಾಠಿ ಅಡ್ಡ ಹಿಡಿದು, "ಇಲ್ಲಿ ನಿಲ್ಲಿಸ್ಬೇಡಿ ಸ್ವಾಮಿ," ಎಂದ. ವ್ಯಾನಿನ ಕಿಟಕಿಯಿಂದಲೇ ಅವನ ಹೊಟ್ಟೆಗೆ ಗುಂಡು ಹಾರಿತು. ಬಿದ್ದವನು ತೆವಳಿಕೊಂಡು ಗೇಟು ಮುಚ್ಚಲು ಚಿಲಕಕ್ಕೆ ಕೈ ಹಾಕಿದ. ಆ ಕೈಗೂ ಹೊಡೆದರು. ವ್ಯಾನಿನಿಂದ ಇಬ್ಬರು ಇಳಿದರು. ಒಬ್ಬ "ದೇವರಿಗಾಗಿ!" ಎಂದು ಕೂಗಿದ. ಅವನ ಹೆಗಲಿಗೆ ಹೆಗಲು ತಾಗಿಸಿ ಓಡುತ್ತಿದ್ದವನು "ದೇವರ ಪರವಾಗಿ!" ಎಂದ. ಇಬ್ಬರೂ ಒಟ್ಟಿಗೇ ಒಳಗೆ ನುಗ್ಗಿದರು.

ಆಮೇಲೆ ಒಂದು ಸ್ಫೋಟ, ಮಂದಿರದ ಗೋಡೆಯೇ ಬೀದಿಗೆ ಬಂತು. ಅವಳು ಎದ್ದಾಗ ಕಿವಿ ಗುಂಯ್‌ಗುಡುತ್ತಿತ್ತು, ಬಾಯಿ ತುಂಬ ಸುಣ್ಣದ ಪುಡಿ. ಚಪ್ಪಲಿಗಳು, ಇಟ್ಟಿಗೆ, ಯಾರದೋ ಬಳೆ ತೊಟ್ಟ ಮುಂಗೈ. ಒಬ್ಬ ಮುದುಕಿ ಹೊತ್ತಿಕೊಂಡ ಸೆರಗನ್ನು ತಾನೇ ಬಡಿದು ಆರಿಸಿಕೊಳ್ಳುತ್ತಿದ್ದಳು. ಟೀಚರಮ್ಮ ಅದನ್ನೆಲ್ಲ ದಾಟಿ ಗೇಟಿಗೆ ಓಡಿದಳು. ಗೇಟಿನ ಕಬ್ಬಿಣದ ಕೆಳಗಿನಿಂದ ತಮ್ಮನನ್ನು ಎಳೆದು ತಲೆಯನ್ನು ಮಡಿಲಿಗೆ ಹಾಕಿಕೊಂಡಳು. ಅವನ ಹೊಟ್ಟೆ ಒತ್ತಿಹಿಡಿದರೂ ಬೆರಳ ಸಂದಿಯಲ್ಲಿ ರಕ್ತ ಬಿಸಿಬಿಸಿಯಾಗಿ ಹರಿಯಿತು.

"ಪಾಸ್ ಕ್ಲಾಸಿನವರಾ, ಅಕ್ಕಾ?"

ಅವಳಿಗೆ ಸುಳ್ಳು ಹೇಳಲಾಗಲಿಲ್ಲ. "ಅಲ್ಲ ಕಣೋ. ಫಸ್ಟ್ ಕ್ಲಾಸಿನವರೇ. ಒಂದೇ ಗುಂಪು. ನಾನೇ ತಪ್ಪಾಗಿ ನಂಬರ್ ಹಾಕ್ದೆ."

ಅವನು ನಗಲು ಹೋದ. ಬಾಯಿಂದ ರಕ್ತ ಬಂತು.

"ಅಂತೂ ನೀನೂ ಡುಮ್ಕಿ ಹೊಡ್ದೆ ಅನ್ನು."

"ಹೂಂ ಕಣೋ, ಹೊಡ್ದೆ," ಎಂದಳು. ಆ ಮಾತು ಅವನಿಗೆ ಕೇಳಿಸಲಿಲ್ಲ. ಅವಳು ಮಾತ್ರ ಅಂಬುಲೆನ್ಸ್ ಬರುವವರೆಗೂ ಅದನ್ನೇ ಹೇಳುತ್ತಿದ್ದಳು.