ತೀರ್ಪು ಬಂತು, ಬಾಡಿಗೆ ಬರಲಿಲ್ಲ

ಮನೆಯ ಮುಂದಿನ ಕೋಣೆ ಬಾಡಿಗೆಗೆ ಕೊಟ್ಟವರಿಗೆಲ್ಲ ಈ ಸಂಕಟ ಗೊತ್ತು. ಬರುವಾಗ ಬೆಣ್ಣೆಯಂಥ ಮಾತು, ಹೋಗುವಾಗ ಬಾಕಿ. ನಮ್ಮ ಬೀದಿಯ ಟೈಲರಕ್ಕನಿಗೂ ಹಾಗೇ ಆಯಿತು. ಅವಳ ಕೋಣೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವನು ವರ್ಷದ ಬಾಡಿಗೆ ಉಳಿಸಿಕೊಂಡು ಖಾಲಿ ಮಾಡಿದ. ಅಕ್ಕ ಕೋರ್ಟಿಗೆ ಹೋದಳು, ಗೆದ್ದಳು. ಇವತ್ತು ಕೊಡುತ್ತಾನೆ, ನಾಳೆ ಕೊಡುತ್ತಾನೆ ಎಂದು ಕಾದಳು. ಆ ದುಡ್ಡಿನಲ್ಲಿ ಅತ್ತೆಯ ಕಣ್ಣಿನ ಆಪರೇಷನ್ ಆಗಬೇಕಿತ್ತು. ಪಾಪ, ಅವರು ಗೋಡೆ ಹಿಡಿದೇ ನಡೆಯುತ್ತಿದ್ದರು.

ದುಡ್ಡು ಬರಲಿಲ್ಲ. ಬಂದದ್ದು ಅವನ ಹೊಸ ಸ್ಟುಡಿಯೋ, ಅದೂ ಅಕ್ಕನ ಹೊಲಿಗೆ ಮೆಷಿನ್ನಿನ ಎದುರಿಗೇ, ರಸ್ತೆಯಾಚೆ. ಗಾಜಿನ ಬಾಗಿಲು, ಏಸಿ, ಮೆತ್ತನೆಯ ಸೋಫಾ. ಅಕ್ಕನ ಹೊಟ್ಟೆಗೆ ಕಿಚ್ಚು ಬಿತ್ತು. ಕೈ ಬಟ್ಟೆಯ ಮೇಲಿದ್ದರೂ ಕಣ್ಣು ಅಲ್ಲೇ. ಯಾರು ಒಳಗೆ ಹೋದರು, ಯಾರು ನಗುತ್ತಾ ಬಂದರು, ಅವನ ಹೆಂಡತಿ ಎಂಥ ಚಪ್ಪಲಿ ಹಾಕಿದ್ದಾಳೆ, ಎಲ್ಲ ಬೇಕು. ಆ ಚಪ್ಪಲಿ ನೋಡುತ್ತಲೇ ಒಂದು ದಿನ ಗಿರಾಕಿಯ ಅಂಗಿಗೆ ಎಡತೋಳನ್ನು ಬಲಕ್ಕೆ ಹೊಲಿದುಬಿಟ್ಟಳು.

“ನಮ್ಮ ದುಡ್ಡಲ್ಲಿ ಅವ್ರು ಮೆರೀತಿದಾರೆ! ನನ್ನ ತಮ್ಮನ್ನ ಕರ್ಸ್ತೀನಿ. ಕ್ಯಾಮೆರಾ ಎತ್ಕೊಂಡು ಬರ್ಲಿ,” ಎಂದು ಗಂಡನೆದುರು ಕೂಗಾಡಿದಳು.

ಬಸ್ ಡ್ರೈವರ್ ಗಂಡ ಕೈಕೊಡವಿದ. “ಕೋರ್ಟು ಹೇಳಿದ್ರೂ ಕೊಡದವನು ಇನ್ಯಾರು ಹೇಳಿದ್ರೆ ಕೊಡ್ತಾನೆ? ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು. ಬಿಟ್ಬಿಡು.”

ಆ ಭಾನುವಾರ ವಕೀಲರ ಕಚೇರಿಯಲ್ಲಿ ಕೆಲಸ ಮಾಡುವ ನಾದಿನಿ ತನ್ನ ಅಮ್ಮನನ್ನು ನೋಡಲು ಬಂದವಳು ಈ ಜಗಳವನ್ನೆಲ್ಲ ಕೇಳಿದಳು.

“ಅತ್ತಿಗೆ, ಕ್ಯಾಮೆರಾ ಎತ್ತಿದ್ರೆ ಕೇಸು ನಿಮ್ಮ ಮೇಲೇ ಬೀಳುತ್ತೆ. ಜಾರಿ ಅರ್ಜಿ ಹಾಕಿದ್ರಾ?”

“ಗೆದ್ದಾಯ್ತಲ್ಲಮ್ಮ, ಇನ್ನೆಂಥ ಅರ್ಜಿ?”

“ತೀರ್ಪು ತಾನೇ ನಡ್ಕೊಂಡು ಹೋಗಿ ದುಡ್ಡು ತರಲ್ಲ. ‘ಅವನು ಕೊಟ್ಟಿಲ್ಲ, ವಸೂಲಿ ಮಾಡಿಸಿ’ ಅಂತ ನಾವೇ ಕೋರ್ಟಿಗೆ ಕೇಳ್ಬೇಕು. ಅದಕ್ಕೂ ಗಡುವು ಇರುತ್ತೆ, ಮಲಗಿದ್ರೆ ಹಕ್ಕೇ ಹೋಗುತ್ತೆ. ಅವನ ಹತ್ರ ಏನಿದೆ, ಯಾರಿಂದ ದುಡ್ಡು ಬರುತ್ತೆ ಅಂತಾನೂ ತಿಳಿಸ್ಬೇಕು.”

“ಅದನ್ನೆಲ್ಲ ಯಾರು ಪತ್ತೆ ಮಾಡ್ತಾರೆ?” ಎಂದ ಗಂಡ.

ಅಕ್ಕ ಉಸಿರು ಬಿಡದೆ ಶುರುಮಾಡಿದಳು. “ಹೊಸ ಸ್ಕೂಟರ್ ಅವನ ಹೆಸರಲ್ಲಿದೆ, ಬೀದಿಗೆಲ್ಲ ಹೇಳ್ಕೊಂಡಿದಾನೆ. ಮೂಲೆ ಬ್ಯಾಂಕಲ್ಲಿ ಖಾತೆ. ದೊಡ್ಡ ಶಾಲೆ ಮಕ್ಕಳ ಫೋಟೋ ಎಲ್ಲ ಅವನದೇ ಗುತ್ತಿಗೆ, ಬಿಲ್ಲಿನ ದುಡ್ಡು ಇನ್ನೂ ಬರ್ಬೇಕಂತೆ.”

ನಾದಿನಿ ಬಿದ್ದು ಬಿದ್ದು ನಕ್ಕಳು. “ಹೊಟ್ಟೆಕಿಚ್ಚು ಕೋರ್ಟಲ್ಲಿ ನಡಿಯಲ್ಲ ಅತ್ತಿಗೆ. ನೀವು ನೋಡಿದ್ದು, ಕೇಳಿದ್ದು ಮಾತ್ರ ಕೆಲ್ಸಕ್ಕೆ ಬರುತ್ತೆ. ಕ್ಯಾಮೆರಾ ಹೊಟ್ಟೆಪಾಡಿನ ಸಾಮಾನು, ಜಪ್ತಿಗೆ ಸಿಗೋದು ಕಷ್ಟ. ಶಾಲೆ ಬಿಲ್ಲು ಹಿಡಿಯೋಣ.”

“ವಕೀಲರ ಫೀಸು?” ಎಂದಳು ಅಕ್ಕ.

“ಕೋರ್ಟಲ್ಲೇ ಉಚಿತ ಕಾನೂನು ನೆರವಿನ ಕಚೇರಿ ಇದೆ. ಹೆಂಗಸರು ಕೇಳಿದ್ರೆ ಸಿಗುತ್ತೆ.”

ಅರ್ಜಿ ಹೋಯಿತು. ಸ್ಟುಡಿಯೋದವನಿಗೆ ಕೊಡಬೇಕಾದ ಹಣವನ್ನು ಕೋರ್ಟಿಗೆ ಕಟ್ಟಿ ಎಂದು ಶಾಲೆಗೆ ಆದೇಶ ಬಂತು. ಮಾರನೆಯ ದಿನವೇ ಅವನು ನೋಟಿನ ಕಟ್ಟು ಹಿಡಿದು ಓಡಿ ಬಂದ.

“ಅಕ್ಕಾ, ಮರ್ಯಾದೆ ಹೋಗುತ್ತೆ. ಅರ್ಧ ಈಗ್ಲೇ ತಗೊಳ್ಳಿ, ಅರ್ಜಿ ವಾಪಸ್ ತಗೊಳ್ಳಿ.”

ಅಕ್ಕನ ಕೈ ಮುಂದೆ ಹೋಗಿತ್ತು. ತಡೆದುಕೊಂಡಳು. “ನಂಗೆ ಪೂರ್ತಿ ಬೇಕು ತಮ್ಮಾ. ಏನಿದ್ರೂ ಕೋರ್ಟಲ್ಲೇ ಕಟ್ಟು.”

ಶಾಲೆಯ ಹಣದಲ್ಲಿ ಮುಕ್ಕಾಲು ಬಾಕಿ ತೀರಿತು. ಉಳಿದದ್ದಕ್ಕೆ ಅವನು ಕಂತು ಕೇಳಿದ, ಅದು ನ್ಯಾಯಾಧೀಶರ ಮುಂದೆಯೇ ದಾಖಲಾಯಿತು.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅತ್ತೆ ಸೊಸೆಯನ್ನು ದಿಟ್ಟಿಸಿ ನೋಡಿದರು. “ಏನೇ, ಇಷ್ಟು ಸೊರಗಿದೀಯಾ!”

“ಹೊಟ್ಟೆ ಉರ್ಕೊಂಡು ಕೂತ್ರೆ ಊಟ ಎಲ್ಲಿ ಸೇರುತ್ತೆ ಅತ್ತೆ?”

ಗಂಡನೂ ಒಪ್ಪಿಕೊಂಡ. “ನಾನು ಬಿಟ್ಬಿಡು ಅಂದಿದ್ದೆ. ನೀನು ಬಿಡ್ದಿದ್ದೇ ಒಳ್ಳೇದಾಯ್ತು.”

ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಬಾಡಿಗೆ ಬಾಕಿಯ ತೀರ್ಪು ಬಂದು ದುಡ್ಡು ಬಾರದೆ ನಿಂತಿದೆಯೇ? ಕೈಮಾಡಲು ಹೋಗಬೇಡಿ, ಕೈಕಟ್ಟಿಯೂ ಕೂರಬೇಡಿ. ಗಡುವು ಮೀರುವ ಮುಂಚೆ ಜಾರಿ ಅರ್ಜಿ ಹಾಕಿ. ದಾರಿ ತಿಳಿಯದಿದ್ದರೆ ಉಚಿತ ಕಾನೂನು ನೆರವಿನ ಬಾಗಿಲು ತಟ್ಟಿ. ಕೋರ್ಟು ನಿಮ್ಮದೆಂದು ಹೇಳಿದ ಹಣ ನಿಮ್ಮದೇ, ಕೇಳಿ ಪಡೆಯಿರಿ.